ಕಪ್ಪಗಿದ್ದ ನಳಿಗೆಯ ಮೇಲೆ ಬಂದ ಆರೋಪ: ಇಶಾಪುರದ ಒಂದು .303 ಕೋವಿಯ ಪ್ರಕರಣ ಅಧ್ಯಯನ

ಈ ಅಧ್ಯಯನಕ್ಕೆ ವಸ್ತುವಾದ ಕೋವಿ 1942ರಲ್ಲಿ ಬಂಗಾಳದ ಇಶಾಪುರದ ರೈಫಲ್ ಕಾರ್ಖಾನೆಯಲ್ಲಿ ತಯಾರಾದ, ಬ್ರಿಟಿಷ್ ಸೈನ್ಯದ ಕೋವಿಯಾದ ಲೀ-ಎನ್‌ಫೀಲ್ಡ್, ನಂ. 1 ಮಾರ್ಕ್ 3 ಸ್ಟಾರ್ ಮಾದರಿಯದು. ಈಗ ಅದು ಇರುವುದು ಅಮೆರಿಕದಲ್ಲಿ. ಅಲ್ಲಿನ 1968ರ ಗನ್ ಕಂಟ್ರೋಲ್ ಆಕ್ಟ್ ಸೈನ್ಯಗಳು ಮಾರಿಹಾಕಿದ ಹಳೆಯ ಕೋವಿಗಳ ಆಮದಿಗೆ ತಡೆ ಹಾಕಿತ್ತು. 1980ರ ದಶಕದ ಮಧ್ಯಭಾಗದಲ್ಲಿ ಆ ತಡೆ ಸಡಿಲಗೊಂಡ ಮೇಲೆ ಭಾರತದಿಂದಲೂ ಇಂಥ ಕೋವಿಗಳು ಅಲ್ಲಿಗೆ ಹೋದವು. ನಮ್ಮ ದೇಶದಲ್ಲಿ .303 (ಇಂಚಿನಲ್ಲಿ ಹೇಳಿದ ನಳಿಗೆಯ ಒಳವ್ಯಾಸ) ನಿಷೇಧಿತ ಬೋರ್ ಆದುದರಿಂದ ಸಾಮಾನ್ಯ ನಾಗರಿಕನಿಗೆ ಅದರ ಪರವಾನಗಿ ಸಿಗುವುದಿಲ್ಲ. ಇಂಥ ದುರಸ್ತಿಯ ಪ್ರಶ್ನೆ ಅಮೆರಿಕದ ನೆಲದಲ್ಲೇ ಎದುರಾಗಲು ಕಾರಣ ಇದು. ಮಾಲೀಕರು ಕೊಡಗು ಮೂಲದವರು, ಒಹಾಯೋದಲ್ಲಿ ನೆಲೆಸಿದ ನಿವೃತ್ತ ಎಂಜಿನಿಯರ್. ನಮ್ಮ ದೇಶದಲ್ಲೇ ತಯಾರಾದದ್ದು ಎಂಬ ಅಭಿಮಾನದಿಂದ ಅದನ್ನು ಕೊಂಡಿದ್ದರೇ ಹೊರತು ಅದರ ಗುರಿ ನೋಡಿ ಕೊಂಡಿರಲಿಲ್ಲ.

ಅವರ ದೂರುಗಳು ಮೂರು. ಮ್ಯಾಗಜೀನಿನಿಂದ ತೋಟಾಗಳು ಸರಾಗವಾಗಿ ಮೇಲೇರದೆ ಎರಡನೆಯದೋ ಮೂರನೆಯದೋ ಸಿಕ್ಕಿಹಾಕಿಕೊಳ್ಳುತ್ತಿತ್ತು. ಕೆಲವೊಮ್ಮೆ ಟ್ರಿಗರ್ ಎಳೆದರೆ ಬರೀ ಟಿಕ್ಕೆಂಬ ಸದ್ದಾಗುತ್ತಿತ್ತು. ಇನ್ನು ಕೆಲವೊಮ್ಮೆ ಸದ್ದಾಗಿ, ಒಂದು ಕ್ಷಣ ಕಳೆದ ಮೇಲೆ ಗುಂಡು ಹಾರುತ್ತಿತ್ತು. ಮೂರನೆಯದಾಗಿ, 100 ಗಜದ ಗುರಿಹಲಗೆಯ ಮೇಲೆ ಗುಂಡುಗಳು ಒಂದಡಿ ಅಗಲಕ್ಕೆ ಚೆಲ್ಲಾಡುತ್ತಿದ್ದವು, ಮತ್ತು ಕಾಗದದಲ್ಲಿ ಬಿದ್ದ ಕೆಲವು ತೂತುಗಳು ದುಂಡಗಿರದೆ ಉದ್ದುದ್ದವಾಗಿದ್ದವು, ಅಂದರೆ ಗುಂಡು ನೆಟ್ಟಗೆ ಹೋಗದೆ ಓಲಾಡುತ್ತ ಅಡ್ಡಡ್ಡ ಹೊಕ್ಕಿತ್ತು. ಬೆಳಕಿಗೆ ಹಿಡಿದು ನಳಿಗೆಯೊಳಗೆ ಇಣುಕಿದವರೆಲ್ಲರೂ ಒಂದೇ ತೀರ್ಪು ಕೊಟ್ಟಿದ್ದರು: ಒಳಮೈ ಕಪ್ಪಗಾಗಿದೆ, ತುಕ್ಕು ತಿಂದು ಕುಳಿ ಬಿದ್ದಿದೆ, ನಳಿಗೆ ಬದಲಿಸದೆ ಗತ್ಯಂತರವಿಲ್ಲ. ನನ್ನ ಬಳಿಗೆ ಕೋವಿ ಬಂದದ್ದು ಹೊಸ ನಳಿಗೆ ಎಲ್ಲಿ ಸಿಕ್ಕೀತು ಎಂಬ ವಿಚಾರಣೆಯ ರೂಪದಲ್ಲಿ.

ಹಳೆಯ ಸೈನಿಕ ಕೋವಿಗಳ ವಿಷಯದಲ್ಲಿ ಈ ತೀರ್ಪು ಸುಲಭವಾಗಿ ಬರುತ್ತದೆ, ಏಕೆಂದರೆ ನಳಿಗೆಯ ಒಳಮೈ ಕಣ್ಣಿಗೆ ಕಾಣುತ್ತದೆ. ಮರದ ಒಳಗಿನ ಸಡಿಲಿಕೆ, ಮ್ಯಾಗಜೀನಿನ ತುಟಿಯ ಡೊಂಕು, ಗುಂಡಿನ ತಳದ ಆಕಾರ ಇವು ಕಣ್ಣಿಗೆ ಕಾಣುವುದಿಲ್ಲ. ಆದ್ದರಿಂದ ನಳಿಗೆಯನ್ನು ಕೊನೆಗೆ ವಿಚಾರಿಸುವುದೆಂದು ನಿರ್ಧರಿಸಿದೆ.

ಅದಕ್ಕೂ ಮೊದಲು, ಈ ಕೋವಿಯನ್ನು ಹಾರಿಸುವುದು ಕ್ಷೇಮವೇ ಎಂಬುದನ್ನು ಇತ್ಯರ್ಥಪಡಿಸಬೇಕಿತ್ತು. ತೋಟಾ ಇಲ್ಲವೆಂದು ಖಚಿತಪಡಿಸಿಕೊಂಡು, ಬೋಲ್ಟ್ (ನಳಿಗೆಯ ಹಿಂಬಾಯಿಯನ್ನು ಮುಚ್ಚುವ, ಹಿಡಿಕೆಯುಳ್ಳ ಭಾಗ) ತೆಗೆದು, ನಳಿಗೆಯಲ್ಲಿ ಏನೂ ಸಿಕ್ಕಿಕೊಂಡಿಲ್ಲವೆಂದು ಸಲಾಕೆ ಹಾಯಿಸಿ ನೋಡಿದ್ದಾಯಿತು. ಭಾರತದಿಂದ ಹೋದ ಲೀ-ಎನ್‌ಫೀಲ್ಡ್‌ಗಳಲ್ಲಿ ಕವಾಯತಿಗೆ ಮಾತ್ರ ಇಟ್ಟವೂ ಇವೆ. ಅವುಗಳ ಮೇಲೆ 'ಡಿಪಿ' (ಡ್ರಿಲ್ ಪರ್ಪಸ್) ಎಂಬ ಅಚ್ಚು ಅಥವಾ ಮರಕ್ಕೆ ಬಳಿದ ಬಣ್ಣದ ಪಟ್ಟಿ ಇರುತ್ತದೆ, ಅಂಥವನ್ನು ಯಾವ ಕಾರಣಕ್ಕೂ ಹಾರಿಸಕೂಡದು. ಬಣ್ಣವನ್ನು ಕೆರೆದು ಮಾರುವವರಿರುವುದರಿಂದ ಮರದ ರಂಧ್ರಗಳಲ್ಲಿ ಉಳಿದ ಬಣ್ಣವನ್ನೂ ಹುಡುಕಿದೆ, ಸಿಗಲಿಲ್ಲ. ಬೋಲ್ಟಿನ ಹಿಡಿಕೆಯ ಹಿಂದಿನ ಸಂಖ್ಯೆ ರಿಸೀವರಿನ, ಅಂದರೆ ಬೋಲ್ಟ್ ಕೂರುವ ಲೋಹದ ಒಡಲಿನ, ಸಂಖ್ಯೆಗೆ ತಾಳೆಯಾಯಿತು. ಇದು ಬರೀ ಸಂಗ್ರಹಕಾರರ ಹಟವಲ್ಲ: ಈ ಕೋವಿಯಲ್ಲಿ ಬೋಲ್ಟನ್ನು ಆಯಾ ರಿಸೀವರಿಗೆ ಕೈಯಿಂದ ಹೊಂದಿಸಿ ಕೂರಿಸಲಾಗಿರುತ್ತದೆ, ಬೇರೆ ಕೋವಿಯ ಬೋಲ್ಟ್ ಹಾಕಿದರೆ ಹೊಡೆತದ ಭಾರ ಬೋಲ್ಟನ್ನು ಬಿಗಿಹಿಡಿಯುವ ಎರಡೂ ಕಿವಿಗಳ ಮೇಲೆ ಸಮನಾಗಿ ಬೀಳದಿರಬಹುದು.

ಹೆಡ್‌ಸ್ಪೇಸ್, ಅಂದರೆ ಮುಚ್ಚಿದ ಬೋಲ್ಟಿನ ಮುಖಕ್ಕೂ ತೋಟಾದ ಅಂಚು ಕೂರುವ ಜಾಗಕ್ಕೂ ನಡುವಿನ ಅಂತರ, ಬ್ರಿಟಿಷ್ ಸೈನ್ಯದ ಅಳತೆಯ ಪ್ರಕಾರ 0.064 ಇಂಚಿನಿಂದ 0.074 ಇಂಚಿನೊಳಗೆ ಇರಬೇಕು. ಇಲ್ಲಿ ಬೋಲ್ಟ್ ಮೊದಲ ಅಳತೆಯ ಗೇಜಿನ (ಅಳತೆಬಿಲ್ಲೆಯ) ಮೇಲೆ ಮುಚ್ಚಿಕೊಂಡಿತು, ಎರಡನೆಯದರ ಮೇಲೆ ಮುಚ್ಚಿಕೊಳ್ಳಲಿಲ್ಲ, ಕೋವಿ ತೇರ್ಗಡೆಯಾಯಿತು. ಇಂದಿನ ನಾಗರಿಕ ಗೇಜುಗಳ ಅಳತೆ ಇನ್ನೂ ಬಿಗಿಯಾಗಿರುವುದರಿಂದ, ಸೈನ್ಯದ ಲೆಕ್ಕದಲ್ಲಿ ಸರಿಯಿರುವ ಎಷ್ಟೋ ಕೋವಿಗಳನ್ನು ಕೆಟ್ಟವೆಂದು ಬದಿಗಿಡುವ ರೂಢಿ ಅಮೆರಿಕದಲ್ಲಿದೆ. ತೋಟಾವನ್ನು ಮತ್ತೆ ಮತ್ತೆ ತುಂಬಿ ಬಳಸುವವನಿಗೆ ಆ ಬಿಗಿ ಅಳತೆ ಉಪಯುಕ್ತ, ಏಕೆಂದರೆ ಅಂತರ ಹೆಚ್ಚಿದಷ್ಟೂ ಹಿತ್ತಾಳೆಯ ಕವಚ ಬೇಗ ಸೀಳುತ್ತದೆ. ಹೊಸ ತೋಟಾವನ್ನು ಒಂದೇ ಸಲ ಹಾರಿಸುವವನಿಗೆ ಸೈನ್ಯದ ಅಳತೆ ಸಾಕೆಂಬುದು ನನ್ನ ಅಭಿಪ್ರಾಯ.

ತೋಟಾ ಸಿಕ್ಕಿಕೊಳ್ಳುವ ದೂರಿಗೆ ಕಾರಣ ಹುಡುಕಲು ಹೆಚ್ಚು ಹೊತ್ತು ಹಿಡಿಯಲಿಲ್ಲ. ಕೋವಿಯಲ್ಲಿದ್ದ ಮ್ಯಾಗಜೀನ್ ಅದರದ್ದಲ್ಲ, ನಂತರದ ನಂ. 4 ಮಾದರಿಯದು. ಹೊರನೋಟಕ್ಕೆ ಎರಡೂ ಒಂದೇ ತೆರನಾಗಿ ಕಾಣುತ್ತವೆ, ಒತ್ತಿದರೆ ಕೂರುವಂತೆಯೂ ಕಾಣುತ್ತವೆ. ಆದರೆ ತೋಟಾದ ಮೂತಿ ಚೇಂಬರಿನ (ನಳಿಗೆಯ ಹಿಂತುದಿಯಲ್ಲಿ ತೋಟಾ ಕೂರುವ ಗೂಡಿನ) ಬಾಯಿಗೆ ಸರಿಯಾದ ಎತ್ತರದಲ್ಲಿ ಬರುವುದಿಲ್ಲ. ನಂ. 1ರ ಹಳೆಯ ಮ್ಯಾಗಜೀನೊಂದನ್ನು ತಂದು, ಮದ್ದಿಲ್ಲದ ಕಸರತ್ತಿನ ತೋಟಾಗಳನ್ನು ತುಂಬಿ ಬೋಲ್ಟನ್ನು ನಿಧಾನವಾಗಿಯೂ ಜೋರಾಗಿಯೂ ಆಡಿಸಿ ನೋಡಿದಾಗ ಬಹುಪಾಲು ತೊಂದರೆ ನಿಂತಿತು. ಬಲಗಡೆಯ ತುಟಿ ಒಂದು ಕೂದಲೆಳೆಯಷ್ಟು ಹೊರಬಾಗಿತ್ತು. ಅದನ್ನು ಇಕ್ಕಳದಿಂದ, ಪ್ರತಿ ಒತ್ತಿಗೂ ಪರೀಕ್ಷಿಸುತ್ತ, ಒಳಕ್ಕೆ ತಂದೆ. ಈ ಕೆಲಸದಲ್ಲಿ ಅವಸರ ಮಾಡಿದರೆ ಮ್ಯಾಗಜೀನ್ ಹಾಳಾಗುತ್ತದೆ, ಮತ್ತು ಒಳ್ಳೆಯ ಮ್ಯಾಗಜೀನಿಗೆ ಇಂದು ಸಣ್ಣ ಬೆಲೆಯೇನಿಲ್ಲ.

ಉಳಿದ ಭಾಗ ಕೋವಿಯ ದೋಷವಲ್ಲ, ತುಂಬುವ ಕ್ರಮದ ದೋಷ. .303 ತೋಟಾದ ತಳದಲ್ಲಿ ಹೊರಚಾಚಿದ ಅಂಚಿದೆ. ಮೇಲಿನ ತೋಟಾದ ಅಂಚು ಕೆಳಗಿನದರ ಅಂಚಿನ ಹಿಂದೆ ಕುಳಿತರೆ, ಬೋಲ್ಟ್ ಮೇಲಿನದನ್ನು ಮುಂದೆ ತಳ್ಳುವಾಗ ಅದು ಕೆಳಗಿನದನ್ನೂ ಎಳೆದುಕೊಂಡು ಹೋಗಲು ನೋಡುತ್ತದೆ, ಎರಡೂ ಬಿಗಿದುಕೊಳ್ಳುತ್ತವೆ. ಸೈನ್ಯದವರು ಐದು ತೋಟಾಗಳ ಚಾರ್ಜರ್ ಬಳಸಿ ತುಂಬುತ್ತಿದ್ದರು. ಅದರಲ್ಲಿ ಮೂರರ ಅಂಚು ಕೆಳಗೆ, ನಡುನಡುವಿನ ಎರಡರ ಅಂಚು ಮೇಲೆ ಇರುವಂತೆ ಜೋಡಿಸಲಾಗುತ್ತಿತ್ತು, ಯಾವ ಕಡೆಯಿಂದ ತಿರುಗಿಸಿ ಹಾಕಿದರೂ ಕ್ರಮ ಕೆಡುತ್ತಿರಲಿಲ್ಲ. ಮಾಲೀಕರು ಒಂದೊಂದನ್ನೇ ಬೆರಳಿನಿಂದ ಒತ್ತಿ ತುಂಬುತ್ತಿದ್ದರು. ಹಾಗೆ ತುಂಬುವಾಗ ಪ್ರತಿಯೊಂದರ ಅಂಚನ್ನೂ ಕೆಳಗಿನದರ ಅಂಚಿನ ಮುಂದೆ ಕೂರಿಸಬೇಕೆಂದು ತೋರಿಸಿಕೊಟ್ಟ ಮೇಲೆ ಈ ದೂರು ಮತ್ತೆ ಬರಲಿಲ್ಲ.

ಎರಡನೆಯ ದೂರಿನಲ್ಲಿ ಎರಡು ಕಾರಣಗಳು ಒಂದರ ಮೇಲೊಂದು ಕೂತಿದ್ದವು. ಬೋಲ್ಟಿನ ತಲೆಯನ್ನು ತಿರುಚಿ ತೆಗೆದು, ಅದಕ್ಕೆಂದೇ ಇರುವ ಉಪಕರಣದಿಂದ ಟ್ರಿಗರ್ ಎಳೆದಾಗ ಮುನ್ನುಗ್ಗಿ ಬಡಿಯುವ ಸ್ಟ್ರೈಕರನ್ನು ಬಿಚ್ಚಿದಾಗ, ಸ್ಪ್ರಿಂಗಿನ ಸುರುಳಿಗಳ ನಡುವೆ ದಶಕಗಳ ಗ್ರೀಸು ಮೇಣದಂತೆ ಗಟ್ಟಿಯಾಗಿತ್ತು. ಗೋದಾಮಿನಲ್ಲಿಡುವಾಗ ಬಳಿದ ಗ್ರೀಸು ಹೊರಗಿನಿಂದ ಒರೆಸಿದಾಗ ಹೋಗುತ್ತದೆ, ಬೋಲ್ಟಿನ ಹೊಟ್ಟೆಯೊಳಗಿನದು ಹಾಗೆಯೇ ಉಳಿಯುತ್ತದೆ. ಚಳಿಗಾಲದಲ್ಲಿ ಅದು ಸ್ಟ್ರೈಕರಿನ ವೇಗವನ್ನು ತಗ್ಗಿಸಿ ಕೇಪಿನ (ತೋಟಾದ ತಳದಲ್ಲಿದ್ದು ಮದ್ದಿಗೆ ಕಿಡಿ ಹೊತ್ತಿಸುವ ಬಿಲ್ಲೆಯ) ಮೇಲೆ ಬೀಳುವ ಪೆಟ್ಟನ್ನು ಸಪ್ಪೆ ಮಾಡುತ್ತದೆ. ಅದನ್ನು ತೊಳೆದು, ದಣಿದಿದ್ದ ಸ್ಪ್ರಿಂಗನ್ನು ಬದಲಿಸಿ, ಸ್ಟ್ರೈಕರಿನ ಮೊನೆ ಬೋಲ್ಟಿನ ಮುಖದಿಂದ ಒಂದು ಮಿ.ಮೀ.ಗಿಂತ ತುಸು ಹೆಚ್ಚು ಹೊರಬರುತ್ತಿದೆಯೆಂದು ಅಳೆದು ನೋಡಿದ ಮೇಲೆ ಹೊಸ ತೋಟಾಗಳು ಒಂದೂ ತಪ್ಪದೆ ಹಾರಿದವು. ಆದರೆ ಮಾಲೀಕರ ಬಳಿಯಿದ್ದ, 1960ರ ದಶಕದ ಸೈನಿಕ ತೋಟಾಗಳು ಮಾತ್ರ ಆಗಲೂ ತಡವಾಗಿ ಹೊತ್ತಿಕೊಳ್ಳುತ್ತಿದ್ದವು. ಕೇಪಿನ ಮೇಲಿನ ಕುಳಿ ಆಳವಾಗಿಯೂ ನಡುಮಧ್ಯದಲ್ಲಿಯೂ ಇದ್ದುದರಿಂದ, ದೋಷ ಕೋವಿಯದಲ್ಲ, ಬಿಸಿಲು ಸೆಕೆಗಳಲ್ಲಿ ಕಾಲ ಕಳೆದ ಕೇಪಿನದೆಂದು ಸ್ಪಷ್ಟವಾಯಿತು.

ಇಲ್ಲಿ ಒಂದು ಎಚ್ಚರಿಕೆಯನ್ನು ಹೇಳದೆ ಮುಂದೆ ಹೋಗಲಾಗದು. ಟಿಕ್ಕೆಂದು ಸದ್ದಾಗಿ ಗುಂಡು ಹಾರದಿದ್ದಾಗ ಕೂಡಲೇ ಬೋಲ್ಟ್ ತೆರೆಯುವುದು ಈ ಹವ್ಯಾಸದಲ್ಲಿ ಮನುಷ್ಯ ಮಾಡಬಹುದಾದ ಅತ್ಯಂತ ಅವಿವೇಕದ ಕೆಲಸ. ನಳಿಗೆಯನ್ನು ಗುರಿಯ ಕಡೆಗೇ ಹಿಡಿದು ಕನಿಷ್ಠ ಅರ್ಧ ನಿಮಿಷ ಕಾಯಬೇಕು; ಸದ್ದು ಮಾಮೂಲಿಗಿಂತ ಕ್ಷೀಣವಾಗಿ ಕೇಳಿಸಿದರೆ ಮುಂದಿನ ತೋಟಾ ಹಾಕುವ ಮೊದಲು ನಳಿಗೆಯಲ್ಲಿ ಗುಂಡು ಸಿಕ್ಕಿಕೊಂಡಿಲ್ಲವೆಂದು ನೋಡಲೇಬೇಕು. ಆ ಹಳೆಯ ತೋಟಾಗಳ ಪೆಟ್ಟಿಗೆಯನ್ನು ಪರೀಕ್ಷೆಯಿಂದ ಪೂರ್ತಿ ಹೊರಗಿಟ್ಟೆವು. ಗುರಿಯ ದೋಷವನ್ನು ಹುಡುಕುತ್ತಿರುವಾಗ ಇಂಥ ತೋಟಾ ಬಳಸಿದರೆ, ಕೈ ಅಲುಗಿದ್ದು ಯಾವುದು, ನಳಿಗೆಯ ದೋಷ ಯಾವುದು ಎಂಬುದನ್ನು ಬೇರ್ಪಡಿಸಲು ಬರುವುದಿಲ್ಲ.

ಇನ್ನು ಮೂರನೆಯ ದೂರು. ನಳಿಗೆಯನ್ನು ಶುಚಿಗೊಳಿಸುವುದರಿಂದ ಕೆಲಸ ಆರಂಭವಾಯಿತು. ಹಳೆಯ ಸೈನಿಕ ತೋಟಾಗಳ ಕೇಪಿನಲ್ಲಿ ಪೊಟ್ಯಾಸಿಯಂ ಕ್ಲೋರೇಟ್ ಇರುತ್ತದೆ. ಅದು ಉರಿದು ಪೊಟ್ಯಾಸಿಯಂ ಕ್ಲೋರೈಡ್ ಎಂಬ ಉಪ್ಪನ್ನು ನಳಿಗೆಯೊಳಗೆ ಬಿಟ್ಟುಹೋಗುತ್ತದೆ, ಆ ಉಪ್ಪು ಗಾಳಿಯ ತೇವವನ್ನು ಹೀರಿ ಉಕ್ಕನ್ನು ತಿನ್ನುತ್ತದೆ. ಎಣ್ಣೆಯಲ್ಲಿ ಅದು ಕರಗುವುದಿಲ್ಲ, ನೀರಿನಲ್ಲಿ ಕರಗುತ್ತದೆ. ಬ್ರಿಟಿಷ್ ಸೈನ್ಯ ತನ್ನ ಸಿಪಾಯಿಗಳಿಗೆ ಕೋವಿ ಹಾರಿಸಿದ ದಿನವೇ ಆಲಿಕೆಯಿಟ್ಟು ನಳಿಗೆಗೆ ಕುದಿಯುವ ನೀರು ಸುರಿಯಲು ಹೇಳಿದ್ದು ಇದೇ ಕಾರಣಕ್ಕೆ. ಕರಿಮದ್ದಿನ ಕೇಪಿನ ಕೋವಿಯನ್ನು ಬಿಸಿನೀರಿನಲ್ಲಿ ತೊಳೆಯುವುದನ್ನು ಬಲ್ಲ ಮಲೆನಾಡಿನವರಿಗೆ, ಕೊಡಗಿನವರಿಗೆ ಇದು ಹೊಸದೇನೂ ಅಲ್ಲ. ಹೊಸದಾಗಿ ತೋರುವುದು ಬಾಟಲಿಯಲ್ಲಿ ಬರುವ ಎಣ್ಣೆಯೊಂದೇ ಎಲ್ಲಕ್ಕೂ ಸಾಕೆಂದು ನಂಬಿದವರಿಗೆ.

ಬಿಸಿನೀರು, ಕಂಚಿನ ಬ್ರಷ್ಷು, ಬಳಿಕ ತಾಮ್ರವನ್ನು ಕರಗಿಸುವ ದ್ರಾವಣ, ಮತ್ತೆ ಬ್ರಷ್ಷು ಎಂಬ ಸರದಿ ಬಹಳ ಸಲ ನಡೆಯಿತು. ಮಸಿಯ ಪದರದ ಕೆಳಗೆ ಗುಂಡಿನ ಹೊದಿಕೆಯಿಂದ ಮೆತ್ತಿದ ತಾಮ್ರ, ತಾಮ್ರದ ಕೆಳಗೆ ಮತ್ತೆ ಮಸಿ ಹೀಗೆ ಪದರಗಳಿದ್ದವು. ಬಟ್ಟೆಯ ಮೇಲೆ ತಾಮ್ರದ ಗುರುತಾದ ನೀಲಿ ಬಣ್ಣ ಬರುವುದು ನಿಂತ ಮೇಲೂ ಇನ್ನೊಂದು ಸುತ್ತು ಬ್ರಷ್ ಮಾಡಿದರೆ ಪುನಃ ನೀಲಿ ಬರುತ್ತಿತ್ತು. ಎಲ್ಲ ಮುಗಿದಾಗಲೂ ನಳಿಗೆ ಹೊಳೆಯಲಿಲ್ಲ. ಗುಂಡು ತಿರುಗಲೆಂದು ನಳಿಗೆಯೊಳಗೆ ಸುರುಳಿಯಾಗಿ ಕೊರೆದ ತೋಡುಗಳ ತಳ ಬೂದುಬಣ್ಣಕ್ಕೆ ತಿರುಗಿ ಸಣ್ಣ ಸಣ್ಣ ಕುಳಿಗಳಿಂದ ತುಂಬಿತ್ತು. ಆದರೆ ಕ್ಯಾಮೆರಾ ಇಳಿಸಿ ನೋಡಿದಾಗ ತೋಡುಗಳ ನಡುವಿನ ಏಣುಗಳ ಅಂಚು ನಳಿಗೆಯ ಬಹುಭಾಗದಲ್ಲಿ ಚೂಪಾಗಿಯೇ ಇತ್ತು. ಗುಂಡನ್ನು ಹಿಡಿದು ತಿರುಗಿಸುವುದು ಆ ಏಣುಗಳು, ತೋಡಿನ ತಳದ ಹೊಳಪಲ್ಲ.

ಮುಂದೆ ಅಳತೆಯ ಕೆಲಸ. ಮೆತ್ತನೆಯ ಸೀಸದ ಉಂಡೆಯೊಂದನ್ನು ಎಣ್ಣೆ ಸವರಿದ ನಳಿಗೆಯಲ್ಲಿ ಹಿತ್ತಾಳೆಯ ಸಲಾಕೆಯಿಂದ ತಳ್ಳಿದರೆ ಒಳಗಿನ ಅಚ್ಚು ಅದರ ಮೇಲೆ ಮೂಡುತ್ತದೆ. ಲೀ-ಎನ್‌ಫೀಲ್ಡಿನಲ್ಲಿ ಇದಕ್ಕೊಂದು ತೊಡಕಿದೆ: ಎಡಕ್ಕೆ ಸುತ್ತುವ ತೋಡುಗಳು ಐದು, ಹಾಗಾಗಿ ಒಂದು ತೋಡಿನ ಎದುರಿಗೆ ಇನ್ನೊಂದು ತೋಡು ಇರದೆ ಏಣು ಇರುತ್ತದೆ. ಸಾಧಾರಣ ಮೈಕ್ರೊಮೀಟರಿನಿಂದ ಅಳೆದರೆ ನಿಜಕ್ಕಿಂತ ಕಡಿಮೆ ಅಂಕಿ ಬರುತ್ತದೆ. ಇಂಗ್ಲಿಷಿನ ವಿ ಅಕ್ಷರದ ಆಕಾರದ ಅಡಿಯುಳ್ಳ ಮೈಕ್ರೊಮೀಟರ್ ಬೇಕು. ಅದರಿಂದ ಅಳೆದಾಗ ತೋಡಿನ ವ್ಯಾಸ ಸುಮಾರು 8.00 ಮಿ.ಮೀ. ಬಂತು. ಮಾಲೀಕರು ಹಾರಿಸುತ್ತಿದ್ದ ಅಂಗಡಿಯ ಗುಂಡಿನ ವ್ಯಾಸ 7.90 ಮಿ.ಮೀ.

ಉಂಡೆಯನ್ನು ತಳ್ಳುವಾಗ ಕೈಗೆ ತಿಳಿದದ್ದು ಅಂಕಿಗಿಂತ ಹೆಚ್ಚಿನದು. ಚೇಂಬರಿನ ಮುಂದೆ ಒಂದೆರಡು ಅಂಗುಲದವರೆಗೆ ಅದು ಬಹಳ ಸಲೀಸಾಗಿ ಸರಿಯಿತು, ನಡುವೆ ಒಂದೇ ಸಮನಾದ ಬಿಗಿಯಿತ್ತು, ಮೂತಿಯ ಬಳಿ ಮತ್ತೆ ಸಡಿಲಾಯಿತು. ಮೊದಲನೆಯದು ಕಾರ್ಡೈಟ್ ಎಂಬ ಮದ್ದಿನ ಕೆಲಸ. ನೈಟ್ರೋಗ್ಲಿಸರಿನ್ ಬೆರೆತ ಈ ಮದ್ದು ಅತಿಯಾದ ಶಾಖದಿಂದ ಉರಿಯುತ್ತದೆ. ಮೊದಲ ಕಾರ್ಡೈಟಿನಲ್ಲಿ ನೈಟ್ರೋಗ್ಲಿಸರಿನ್ ಪ್ರಮಾಣ 58 ಪ್ರತಿಶತವಿತ್ತು. ನಳಿಗೆಗಳು ಬೇಗ ಸವೆಯುವುದನ್ನು ಕಂಡು ಅದನ್ನು 30ಕ್ಕೆ ಇಳಿಸಿದರೂ ಚೇಂಬರಿನ ಮುಂದಿನ ಗಂಟಲಿನ ಸವೆತ ಪೂರ್ತಿ ನಿಲ್ಲಲಿಲ್ಲ. ಎರಡನೆಯದು ಮದ್ದಿನ ಕೆಲಸವಲ್ಲ, ಶುಚಿತ್ವದ ಕೆಲಸ. ಸಿಪಾಯಿ ನಳಿಗೆಯನ್ನು ಒರೆಸುತ್ತಿದ್ದುದು ಪುಲ್‌ಥ್ರೂ ಎಂಬ ಹುರಿಗೆ ಬಟ್ಟೆ ಸಿಕ್ಕಿಸಿ ಎಳೆದು. ಹುರಿಯನ್ನು ನೇರವಾಗಿ ಎಳೆಯದೆ ಓರೆಯಾಗಿ ಎಳೆದರೆ, ದೂಳು ಮೆತ್ತಿದ ಆ ಹುರಿ ಮೂತಿಯ ಒಂದು ಬದಿಯನ್ನು ಅರದಂತೆ ಸವೆಸುತ್ತದೆ. ಈ ಕೋವಿಯ ಮೂತಿಯನ್ನು ಭೂತಗನ್ನಡಿಯಲ್ಲಿ ನೋಡಿದಾಗ ಕೆಳಬದಿಯ ಎರಡು ಏಣುಗಳು ತುದಿಯಲ್ಲಿ ಮೊಂಡಾಗಿದ್ದವು. ಅತಿ ಶಿಸ್ತಿನಿಂದ ಕೋವಿ ಒರೆಸಿದ ಯಾವನೋ ಸಿಪಾಯಿಯೇ ಅದನ್ನು ಸವೆಸಿದ್ದನೆಂಬುದು ವಿಚಿತ್ರವಾದರೂ ನಿಜ.

ಹಾಗಾದರೆ ನಳಿಗೆಯೇ ಅಪರಾಧಿಯಲ್ಲವೇ? ಭಾಗಶಃ ಹೌದು. ಆದರೆ ಮರವನ್ನು ನೋಡದೆ ಹಾಗೆನ್ನಲು ಬರುವಂತಿರಲಿಲ್ಲ, ಏಕೆಂದರೆ ಈ ಕೋವಿಯ ತೆಳು ನಳಿಗೆ ಮೂತಿಯವರೆಗೂ ಮರದೊಳಗೆ ಹುದುಗಿರುತ್ತದೆ, ಮರ ಅದನ್ನು ಎಲ್ಲಿ ಮುಟ್ಟುತ್ತದೆ, ಎಲ್ಲಿ ಮುಟ್ಟುವುದಿಲ್ಲ ಎಂಬುದರ ಮೇಲೆ ಗುರಿ ನಿಂತಿದೆ. ಮುಂಭಾಗದ ಮರದ ಹಿಂತುದಿಯಲ್ಲಿ, ರಿಸೀವರಿಗೆ ತಾಗುವಂತೆ, ಓರೆಯಾದ ಎರಡು ಮುಖಗಳಿವೆ. ಹೊಡೆತದ ಒದೆತವನ್ನು ಹೊರುವುದು ಅವು. ಅಲ್ಲಿಗೆ ಮಸಿ ಹಚ್ಚಿ ಜೋಡಿಸಿ ಬಿಚ್ಚಿದಾಗ ಬಲಬದಿಯಲ್ಲಿ ಮಾತ್ರ ಗುರುತು ಮೂಡಿತ್ತು, ಎಡಬದಿ ಒಣಗಿ ಕುಗ್ಗಿ ದೂರ ನಿಂತಿತ್ತು. ಮುಂದಿನ ದೊಡ್ಡ ಸ್ಕ್ರೂ ಪೂರ್ತಿ ಬಿಗಿಯಾಗಿದ್ದರೂ ಮರವನ್ನು ಕೈಯಲ್ಲಿ ಹಿಡಿದು ಅಲುಗಿಸಬಹುದಿತ್ತು: ಸ್ಕ್ರೂವಿನ ಸುತ್ತ ಒಂದು ಲೋಹದ ಕೊಳವೆಯಿದೆ, ಮರ ಹೆಚ್ಚು ಅದುಮದಂತೆ ತಡೆಯುವುದು ಅದರ ಕೆಲಸ, ಮರ ಕುಗ್ಗಿದಾಗ ಕೊಳವೆ ಕುಗ್ಗುವುದಿಲ್ಲವಾದ್ದರಿಂದ, ಸ್ಕ್ರೂ ಕೊಳವೆಯನ್ನು ಹಿಡಿಯುತ್ತದೆಯೇ ಹೊರತು ಮರವನ್ನಲ್ಲ. ಮೂತಿಯ ಬಳಿ ನಳಿಗೆಯನ್ನು ಕೆಳಗಿನಿಂದ ಮೇಲಕ್ಕೆ ತಳ್ಳುತ್ತಿರಬೇಕಾದ ಪುಟ್ಟ ಮೊಳೆಯೂ ಅದರ ಸ್ಪ್ರಿಂಗೂ ಕಾಣೆಯಾಗಿದ್ದವು. ಬಹುಶಃ ಯಾವುದೋ ಕಾಲದಲ್ಲಿ ಬಿಚ್ಚಿದವರ ಕೈಯಿಂದ ಹಾರಿಹೋಗಿರಬೇಕು. ಗೊತ್ತಿಲ್ಲದೆ ಬಿಚ್ಚಿದವರೆಲ್ಲರ ಕೈಯಿಂದಲೂ ಅದು ಹಾರುತ್ತದೆ.

ರಿಪೇರಿಯಲ್ಲಿ ನಾವು ಪಾಲಿಸಿದ ನಿಯಮ ಒಂದೇ: ಒಂದನ್ನು ಬದಲಿಸಿ, ಹಾರಿಸಿ ನೋಡಿ, ಆಮೇಲೆ ಮತ್ತೊಂದನ್ನು ಮುಟ್ಟುವುದು. ಮೊದಲು ಒಣಗಿದ ಮರಕ್ಕೆ ಅಗಸೆ ಎಣ್ಣೆ ಕುಡಿಸಿ, ಓರೆ ಮುಖಗಳಿಗೆ ಗಟ್ಟಿ ಮರದ ಚಕ್ಕೆಗಳನ್ನು ಎಪಾಕ್ಸಿಯಿಂದ ಅಂಟಿಸಿ, ಎರಡೂ ಬದಿ ಸಮನಾಗಿ ತಾಗುವವರೆಗೆ ಉಜ್ಜಿ ಹೊಂದಿಸಿದ್ದಾಯಿತು. ಮೊಳೆ ಮತ್ತು ಸ್ಪ್ರಿಂಗ್ ಹೊಸದಾಗಿ ಬಂದವು. ಗುಂಡನ್ನು ಬದಲಿಸಲಿಲ್ಲ. 100 ಗಜದಲ್ಲಿ ಒಂದಡಿಯಷ್ಟಿದ್ದ ಚೆಲ್ಲಾಟ ಅರ್ಧದಷ್ಟಕ್ಕೆ ಇಳಿಯಿತು. ಅಂದರೆ ದೋಷದ ದೊಡ್ಡ ಪಾಲು ಮರದಲ್ಲಿತ್ತು. ಆದರೂ ಉದ್ದುದ್ದವಾದ ತೂತುಗಳು ನಿಂತಿರಲಿಲ್ಲ, ಆ ಪಾಲನ್ನು ಮರದ ಲೆಕ್ಕಕ್ಕೆ ಬರೆಯುವಂತಿರಲಿಲ್ಲ.

ಅದರ ಉತ್ತರ ಗುಂಡಿನ ತಳದಲ್ಲಿತ್ತು. ಈ ಕೋವಿಗೆಂದು ಬಂದ ಮಾರ್ಕ್ 7 ತೋಟಾದ ಗುಂಡು 11.3 ಗ್ರಾಂ ತೂಗುತ್ತದೆ, ಅದರ ತಳ ಸಮತಟ್ಟು, ಒಳಗಿನ ಸೀಸ ಹಿಂದಕ್ಕೆ ತೆರೆದಿರುತ್ತದೆ. ಮದ್ದಿನ ಒತ್ತಡ ಆ ಸೀಸದ ಮೇಲೆ ಬಿದ್ದಾಗ ಹಿಂಭಾಗ ತುಸು ಉಬ್ಬಿ ಸವೆದ ತೋಡುಗಳನ್ನೂ ತುಂಬಿಕೊಳ್ಳುತ್ತದೆ. ಮಾಲೀಕರು ಕೊಂಡಿದ್ದ ಹೊಸ ಗುಂಡಿನ ತಳ ದೋಣಿಯ ಹಿಂಬದಿಯಂತೆ ಕಿರಿದಾಗುತ್ತ ಹೋಗುವಂಥದು. ದೂರಕ್ಕೆ ಗಾಳಿಯನ್ನು ಸೀಳಲು ಅದು ಮೇಲು, ಆದರೆ ಆ ತಳ ಉಬ್ಬುವುದಿಲ್ಲ. ಗಂಟಲು ಸವೆದಿರುವಲ್ಲಿ ಅದು ಆಸರೆಯಿಲ್ಲದೆ ಜಿಗಿದು ವಾಲುತ್ತದೆ, ಬಿಸಿ ಅನಿಲ ಅದರ ಪಕ್ಕದಿಂದ ನುಗ್ಗಿ ಮುಂದೆ ಹೋಗುತ್ತದೆ, ಮೂತಿಯ ಮೊಂಡು ಏಣುಗಳು ಕೊನೆಯಲ್ಲಿ ಇನ್ನೊಂದಿಷ್ಟು ಓರೆ ಮಾಡುತ್ತವೆ. ಬ್ರಿಟಿಷರಿಗೆ ಇದು ತಿಳಿಯದ ಸಂಗತಿಯಾಗಿರಲಿಲ್ಲ. ವಿಕರ್ಸ್ ಮಷೀನ್‌ಗನ್ನಿಗಾಗಿ ಅವರು ತಯಾರಿಸಿದ ಮಾರ್ಕ್ 8 ಝಡ್ ತೋಟಾದ ಗುಂಡಿಗೂ ಕಿರಿದಾಗುವ ತಳವೇ ಇತ್ತು, ಕಾರ್ಡೈಟಿನಿಂದ ಸವೆದ ನಳಿಗೆಗಳಲ್ಲಿ ಅದರ ಗುರಿ ಕೆಡುತ್ತಿತ್ತು.

ಸಮತಟ್ಟು ತಳದ, 11.3 ಗ್ರಾಂ ತೂಕದ, 7.92 ಮಿ.ಮೀ. ವ್ಯಾಸದ ಗುಂಡುಗಳಿರುವ ತೋಟಾಗಳನ್ನು ತರಿಸಿ ಹಾರಿಸಿದಾಗ ತೂತುಗಳೆಲ್ಲವೂ ದುಂಡಗೆ ಬಿದ್ದವು, ಮತ್ತು ಅವು ಒಂದು ಅಂಗೈ ಅಗಲದೊಳಗೆ ಬಂದು ನಿಂತವು. ತೆರೆದ ಕಬ್ಬಿಣದ ಗುರಿನೋಟವುಳ್ಳ, ಎಂಬತ್ತು ದಾಟಿದ ಯುದ್ಧಕಾಲದ ಕೋವಿಯಿಂದ ಇದಕ್ಕಿಂತ ಹೆಚ್ಚನ್ನು ಕೇಳುವುದು ನ್ಯಾಯವಲ್ಲ.

ಮೂತಿಯನ್ನು ಕತ್ತರಿಸಿ ಹೊಸ ಅಂಚು ಕೊಡುವ ಅಥವಾ ಒಳಗಿನಿಂದ ಕೊರೆದು ಸವೆದ ಭಾಗವನ್ನು ತೆಗೆಯುವ ಸಲಹೆಯೂ ಬಂದಿತ್ತು. ಗುರಿ ಇನ್ನಷ್ಟು ಬಿಗಿಯಾಗುತ್ತಿತ್ತೇನೋ. ಆದರೆ ಅದು ಹಿಂದಕ್ಕೆ ತರಲಾಗದ ಕೆಲಸ, ಈ ಕೋವಿಯ ಮೂಲ ರೂಪ ಕಾಯಲು ಬಯಸಿದ ಮಾಲೀಕರು ಬೇಡವೆಂದರು, ನನಗೂ ಅದೇ ಸರಿಯೆನಿಸಿತು. ನಳಿಗೆ ಬದಲಿಸುವ ಮಾತು ಅಲ್ಲಿಗೆ ನಿಂತಿತು.

ಕುಳಿಬಿದ್ದ ನಳಿಗೆಯ ತೆರಿಗೆಯನ್ನು ಮಾತ್ರ ಈಗಲೂ ಕಟ್ಟಬೇಕಾಗಿದೆ. ಕುಳಿಗಳು ತಾಮ್ರವನ್ನು ಹಿಡಿದಿಟ್ಟುಕೊಳ್ಳುವುದರಿಂದ ಸುಮಾರು ಇಪ್ಪತ್ತು ಗುಂಡುಗಳಾದ ಮೇಲೆ ಗುರಿ ಅಗಲವಾಗತೊಡಗುತ್ತದೆ. ಆಗ ಒಂದು ಸಲ ದ್ರಾವಣದ ಬಟ್ಟೆ ಹಾಯಿಸಿದರೆ ಮೊದಲಿನಂತಾಗುತ್ತದೆ. ಎಣ್ಣೆ ಹಚ್ಚಿಟ್ಟ ನಳಿಗೆಯಿಂದ ಹೊರಡುವ ಮೊದಲ ಗುಂಡು ಉಳಿದವುಗಳ ಗುಂಪಿನಿಂದ ಹೊರಗೆ ಬೀಳುತ್ತದೆ, ಹಾಗಾಗಿ ಮೈದಾನಕ್ಕೆ ಹೋದೊಡನೆ ನಳಿಗೆಯನ್ನು ಒಣಬಟ್ಟೆಯಿಂದ ಒರೆಸಿ, ಮೊದಲ ಗುಂಡನ್ನು ಲೆಕ್ಕಕ್ಕೆ ಹಿಡಿಯದೆ ಬಿಡುತ್ತಾರೆ. ಮುಂಭಾಗದ ಮರ ಚಳಿಗಾಲದ ಒಣಹವೆಯಲ್ಲಿ ಇನ್ನೂ ಕುಗ್ಗಬಹುದಾದ ಕಾರಣ, ಓರೆ ಮುಖಗಳಿಗೆ ವರ್ಷಕ್ಕೊಮ್ಮೆ ಮಸಿ ಹಚ್ಚಿ ನೋಡುವುದೆಂದು ಒಪ್ಪಿಕೊಂಡಿದ್ದಾರೆ.